ಹುಲ್ಲಿನ ಟ್ರ್ಯಾಕ್ಟರಿಗೆ ಕನ್ನಡಿ

ವಿಜಯನಗರದ ಮೆಡಿಕಲ್ ಸ್ಟೋರಿನಲ್ಲಿ ಕುತ್ತಿಗೆಗೆ ಕಟ್ಟುವ ಪಟ್ಟಿಯೊಂದನ್ನು ಕೊಂಡು, ಮರುದಿನ ಬೆಳಿಗ್ಗೆ ಅದನ್ನು ಬಿಗಿಯಾಗಿ ಕಟ್ಟಿಕೊಂಡು, ಕೆಂಗೇರಿಯ ಆಚೆಗಿರುವ ನಮ್ಮ ಕಾಲೇಜಿನ ಹುಲ್ಲುಹಾಸಿನ ನಡುವೆ ನಿಂತಿದ್ದ ಯಂತ್ರದ ಮೇಲೆ ಹತ್ತಿ ಕೂತೆ. ನನ್ನ ಕುತ್ತಿಗೆಗೆ ಏನೂ ಆಗಿರಲಿಲ್ಲ. ಕುತ್ತಿಗೆ ತಿರುಗದ ಮನುಷ್ಯನಿಗೆ ಆ ಸೀಟಿನಿಂದ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ನೋಡಬೇಕಿತ್ತು. ಹಾಸ್ಟೆಲಿನ ಕಡೆಯಿಂದ ಬರುತ್ತಿದ್ದ ಇಬ್ಬರು ಹುಡುಗರು ನನ್ನನ್ನು ನೋಡಿ ನಿಂತರು.

"ಏನಾಯ್ತು ಗುರು ಮೇಂಟೆನೆನ್ಸ್ ಸಾರ್‌ಗೆ?"

"ಎಲ್ಲೋ ಬಿದ್ದಿರ್ಬೇಕು ಕಣೋ. ಪಾಪ, ಆದ್ರೂ ಹುಲ್ಲು ಹೊಡೀತಿದಾರೆ ನೋಡು."

ನಾನು ತಿರುಗಿ ಅವರಿಗೆ ಉತ್ತರ ಕೊಡಲು ಹೋದೆ. ಪಟ್ಟಿ ಬಿಡಲಿಲ್ಲ. ಪ್ರಯೋಗದ ಮೊದಲ ಫಲಿತಾಂಶ ಅದೇ.

ಯಂತ್ರವನ್ನು ನೋಡದವರಿಗೆ ಎರಡು ಮಾತು. ಅದು ಹುಲ್ಲು ಕತ್ತರಿಸುವ ಪುಟ್ಟ ಟ್ರ್ಯಾಕ್ಟರು. ಒಬ್ಬರು ಕೂರುವ ಸೀಟು, ಎದುರಿಗೆ ಸ್ಟಿಯರಿಂಗು, ಅದರ ಮುಂದೆ ಬಾನೆಟ್ಟಿನ ಕೆಳಗೆ ಎಂಜಿನ್. ಹೊಟ್ಟೆಯ ಅಡಿಯಲ್ಲಿ ಬ್ಲೇಡುಗಳು ತಿರುಗುತ್ತವೆ. ಕತ್ತರಿಸಿದ ಹುಲ್ಲು ಕೊಳವೆಯ ಮೂಲಕ ಹಾರಿ ಸೀಟಿನ ಹಿಂದಿರುವ ದೊಡ್ಡ ಡಬ್ಬಕ್ಕೆ ಬೀಳುತ್ತದೆ. ನಮ್ಮಲ್ಲಿ ಎಲ್ಲರೂ ಅದನ್ನು ಕರೆಯುವುದು ಹುಲ್ಲಿನ ಟ್ರ್ಯಾಕ್ಟರ್ ಎಂದೇ. ಅದನ್ನು ತಯಾರಿಸಿದವರು ಅದಕ್ಕೆ ಕನ್ನಡಿ ಕೊಟ್ಟಿರಲಿಲ್ಲ. ಹಿಂದೆ ಹೋಗುವಾಗ ತಿರುಗಿ ನೋಡಿ ಎಂದು ಚಿತ್ರ ಬರೆದು ಅಂಟಿಸಿದ್ದರು, ಅಷ್ಟೆ.

ತಿರುಗಿ ನೋಡಲಾಗದವರು ಆ ಯಂತ್ರದ ಚಾಲಕರು. ಗದಗದ ಕಡೆಯವರು, ಐವತ್ತು ದಾಟಿದವರು, ಹೆಗ್ಗನಹಳ್ಳಿಯಲ್ಲಿ ಬಾಡಿಗೆ ಮನೆ. ಕುತ್ತಿಗೆಯ ಮೂಳೆಗೆ ಶಸ್ತ್ರಚಿಕಿತ್ಸೆಯಾಗಿ, ತಿಂಗಳುಗಟ್ಟಲೆ ಮನೆಯಲ್ಲಿದ್ದು ಆಗಷ್ಟೇ ಕೆಲಸಕ್ಕೆ ಮರಳಿದ್ದರು. ಕೆಲಸ ಮಾಡಬಹುದು, ಆದರೆ ಕುತ್ತಿಗೆ ಇನ್ನು ಮೊದಲಿನಂತೆ ತಿರುಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅದನ್ನು ಅವರು ನನಗೆ ಹೇಳಿದ್ದು ಹೀಗೆ:

"ಕುತ್ತಿಗಿ ಒಂದು ತಿರಗಂಗಿಲ್ಲ ಸರ. ಉಳಿದದ್ದೆಲ್ಲಾ ತಿರಗ್ತೈತಿ. ನಾಲಿಗಿ ಅಂತೂ ಮೊದಲಿಗಿಂತ ಜಾಸ್ತಿ ತಿರಗ್ತೈತಿ ಅಂತ ಮನ್ಯಾಗ ಅಂತಾರ."

ಅವರು ಕತ್ತರಿಸಿದ ಹುಲ್ಲುಹಾಸು ಬೇರೆಯೇ. ಒಂದು ಪಟ್ಟಿ ತಿಳಿ ಹಸಿರು, ಪಕ್ಕದ್ದು ಗಾಢ ಹಸಿರು, ಇಳಕಲ್ ಸೀರೆಯ ಅಂಚಿನಷ್ಟು ನೇರ. ಅವರಿಲ್ಲದ ತಿಂಗಳುಗಳಲ್ಲಿ ಬೇರೆಯವರು ಓಡಿಸಿದ್ದನ್ನು ನೋಡಿದ್ದ ನಮಗೆ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಅದನ್ನು ಅವರೂ ಬಲ್ಲರು. ಮರಳಿದ ದಿನ ಹುಲ್ಲನ್ನು ನೋಡಿ, "ಇದನ್ನ ಕತ್ತರಿಸ್ಯಾರೋ, ಎಮ್ಮಿ ಮೇಸ್ಯಾರೋ?" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ್ದರು.

ಕ್ಯಾಂಪಸ್ಸಿನ ನೆಲ, ನೀರು, ಮರ, ಯಂತ್ರ ಎಲ್ಲವೂ ಎಸ್ಟೇಟ್ ಮೇಡಂ ಅವರ ಹೊಣೆ. ಅವರು ಯಂತ್ರಗಳ ರಿಪೇರಿ ನೋಡಿಕೊಳ್ಳುವ ನನ್ನನ್ನೂ ಚಾಲಕರನ್ನೂ ಕರೆಸಿ, ಮುಚ್ಚುಮರೆ ಇಲ್ಲದೆ ಹೇಳಿದರು.

"ನೋಡಿ ಅಣ್ಣ, ನಿಮ್ಮ ಕೆಲಸದ ಬಗ್ಗೆ ನಾನು ಮಾತಾಡ್ತಿಲ್ಲ. ಹಿಂದೆ ನೋಡೋಕಾಗದೇ ಇರೋರನ್ನ ಬ್ಲೇಡಿರೋ ಗಾಡಿ ಮೇಲೆ ಕೂರಿಸೋಕೆ ನನಗಾಗಲ್ಲ. ಸಂಜೆ ಕ್ವಾರ್ಟರ್ಸ್ ಮಕ್ಕಳು ಇದೇ ಹುಲ್ಲಲ್ಲಿ ಕೂತು ಆಡ್ತಾವೆ. ಗೇಟಲ್ಲಿ ಕೆಲಸ ಇದೆ. ನೆರಳು, ಕುರ್ಚಿ ಎರಡೂ ಇರುತ್ತೆ."

"ಕುರ್ಚಿ ಮ್ಯಾಲ ಕುಂತ್ರ ಕುತ್ತಿಗಿ ಜೊತಿ ಸೊಂಟಾನೂ ಹೋಗ್ತೈತಿ ಮೇಡಮ್ಮಾರ," ಎಂದರು ಚಾಲಕರು. ತಮಾಷೆಯಾಗಿಯೇ ಹೇಳಿದರು. ಆದರೆ ಅವರ ಕೈ ಟೋಪಿಯನ್ನು ಹಿಂಡುತ್ತಿತ್ತು.

ಕನ್ನಡಿ ಹಾಕಿ ನೋಡೋಣ ಎಂದವನು ನಾನು. ಹಾಗೆಂದು ನನ್ನ ನೆನಪು. ಚಾಲಕರ ಪ್ರಕಾರ ಆ ಮಾತು ಮೊದಲು ಅವರದು. ಮೇಡಂ ಅವರ ಪ್ರಕಾರ ಅದು ಮೇಡಂ ಅವರದೇ. ಈ ಬರಹಕ್ಕೆ ಕೂರುವ ಮುಂಚೆ ಇಬ್ಬರನ್ನೂ ಕೇಳಿದ್ದೇನೆ, ಏಕೆಂದರೆ ನನ್ನ ನೆನಪಿನ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲ. ಅದು ನಡೆದದ್ದನ್ನು ಕತ್ತರಿಸಿ ಒಪ್ಪ ಮಾಡಿಡುತ್ತದೆ. ಮೂವರ ಮಾತು ಹೊಂದದ ಕಡೆ ಹಾಗೆಂದೇ ಹೇಳುತ್ತೇನೆ. ಮೇಡಂ ಹಾಕಿದ ಷರತ್ತಿನ ಬಗ್ಗೆ ಮಾತ್ರ ಯಾರಿಗೂ ಅನುಮಾನವಿಲ್ಲ: ಘಟಿಕೋತ್ಸವಕ್ಕೆ ಹುಲ್ಲು ಸಿದ್ಧವಾಗುವ ಹೊತ್ತಿಗೆ ಅವರೇ ಪರೀಕ್ಷೆ ಮಾಡುತ್ತಾರೆ. ಪಾಸಾದರೆ ಯಂತ್ರ, ಇಲ್ಲದಿದ್ದರೆ ಗೇಟು.

ಮಾಗಡಿ ರಸ್ತೆಯಿಂದ ಗೋವಿಂದರಾಜನಗರಕ್ಕೆ ತಿರುಗುವಲ್ಲಿ ಬೈಕು, ಆಟೋ ಸಾಮಾನಿನ ಅಂಗಡಿಗಳಿವೆ. ಒಂದಕ್ಕೆ ಹೋಗಿ ಕನ್ನಡಿ ಕೇಳಿದೆ.

"ಯಾವ ಗಾಡಿಗೆ ಸಾರ್?"

"ಹುಲ್ಲು ಕತ್ತರಿಸೋ ಗಾಡಿಗೆ."

ಅಂಗಡಿಯವರು ನನ್ನನ್ನು ಒಮ್ಮೆ ನೋಡಿದರು. "ಅದಕ್ಕೂ ಪೊಲೀಸ್ನೋರು ಹಿಡೀತಾರಾ ಈಗ?"

ಪಕ್ಕದಲ್ಲಿ ಡೆಲಿವರಿ ಚೀಲ ಹೊತ್ತ ಒಬ್ಬ, ಬೈಕಿನ ಕನ್ನಡಿ ಬಿಚ್ಚಿಸುತ್ತಿದ್ದ. ಟ್ರಾಫಿಕ್ಕಿನ ಸಂದಿಯಲ್ಲಿ ನುಗ್ಗಲು ಅಡ್ಡ ಬರುತ್ತದಂತೆ. "ನಂದೇ ತಗೊಳ್ಳಿ ಸಾರ್, ಸರೀಗಿದೆ, ತಲೆ ಬಾಚೋಕಷ್ಟೇ ಉಪಯೋಗಿಸಿರೋದು" ಎಂದ. ಊರೆಲ್ಲ ಕನ್ನಡಿ ಬಿಚ್ಚುವ ಕಾಲದಲ್ಲಿ ನಾನು ಕನ್ನಡಿ ಹಾಕಲು ಹೊರಟಿದ್ದೆ. ಸ್ವಲ್ಪ ಉಬ್ಬಿದ, ಅಗಲಕ್ಕೆ ತೋರಿಸುವ ಆಟೋ ಕನ್ನಡಿ ಎರಡನ್ನು ಆರಿಸಿಕೊಂಡು ಬಂದೆ.

ಹಿಂದಿನ ಚಕ್ರಗಳ ಮೇಲೆ ತಗಡಿನ ಮಡ್‌ಗಾರ್ಡ್ ಇದೆ. ಅಲ್ಲಿಗೇ ತೂತು ಕೊರೆದು ಕೂರಿಸುವುದು ಸುಲಭ ಎನಿಸಿತು. ಡ್ರಿಲ್ ಹಿಡಿಯುವ ಮುನ್ನ ಸೀಟು ಎತ್ತಿ ಅಡಿಯಲ್ಲಿ ನೋಡಿದ್ದು ಒಳ್ಳೆಯದಾಯಿತು. ಎಡಗಡೆಯ ತಗಡಿನ ಕೆಳಗೇ ಪೆಟ್ರೋಲ್ ಟ್ಯಾಂಕು. ತೂತಿನ ಯೋಚನೆ ಬಿಟ್ಟು, ಮೊದಲೇ ಇದ್ದ ಬೋಲ್ಟುಗಳಿಗೇ ಕಬ್ಬಿಣದ ಪಟ್ಟಿ ಬಿಗಿದು ಕನ್ನಡಿ ನಿಲ್ಲಿಸಿದೆ. ನೋಡಲು ಚೆಂದವಾಗಿತ್ತು. ಚಾಲಕರು ಹತ್ತಿ ಕೂತು, ಕಣ್ಣನ್ನು ಎಡಕ್ಕೆ ಬಲಕ್ಕೆ ಹೊರಳಿಸಿದರು.

"ಸರ, ತಪ್ಪು ತಿಳೀಬ್ಯಾಡ್ರಿ. ಕುತ್ತಿಗಿ ತಿರಗಂಗಿಲ್ಲ ಅಂತ ಕನ್ನಡಿ ಹಾಕಿದಿವಿ. ಈಗ ಕನ್ನಡಿ ನೋಡಾಕ ಕುತ್ತಿಗಿ ತಿರಗಿಸ್ಬೇಕಲ್ಲರಿ."

ನಿಜ. ಮಡ್‌ಗಾರ್ಡ್ ಇರುವುದು ಸೊಂಟದ ಪಕ್ಕದಲ್ಲಿ. ಕನ್ನಡಿ ಕಣ್ಣಿಗಿಂತ ಮುಂದಿರಬೇಕು. ನಾನು ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಕೂತದ್ದು ಆ ದಿನದ ನಂತರ.

ಪಟ್ಟಿ ಕಟ್ಟಿ ಕೂತಾಗ ಜಾಗ ಸಿಕ್ಕಿತು. ಕಾಲಿಡುವ ಉಕ್ಕಿನ ತಟ್ಟೆಯ ಮುಂಭಾಗದಲ್ಲಿ, ಬಾನೆಟ್ಟಿನ ಎರಡೂ ಪಕ್ಕ, ಯಂತ್ರದ ಚೌಕಟ್ಟಿಗೇ ಸೇರಿದ ಬೋಲ್ಟುಗಳಿದ್ದವು. ಅಲ್ಲಿಂದ ಕಣ್ಣಿನ ಎತ್ತರಕ್ಕೆ ಕಬ್ಬಿಣದ ಕಡ್ಡಿ ಎಬ್ಬಿಸಿದರೆ ಕುತ್ತಿಗೆ ಆಡಿಸದೆ ಎರಡೂ ಕನ್ನಡಿ ಕಾಣುತ್ತವೆ. ಹೆಗ್ಗನಹಳ್ಳಿಯಲ್ಲಿ ಚಾಲಕರ ಮನೆಯ ಬೀದಿಯಲ್ಲೇ ಇರುವ ಫ್ಯಾಬ್ರಿಕೇಶನ್ ಶೆಡ್ಡಿಗೆ ಹೋದೆವು. ಅದರ ಮಾಲೀಕರು ಗೇಟು, ಗ್ರಿಲ್ಲು, ತಳ್ಳುಗಾಡಿ ಮಾಡುವವರು, ಮಾತು ಕಡಿಮೆ. ನನ್ನ ಚಿತ್ರ ನೋಡಿ, "ಉದ್ದ ಆಯ್ತು ಅನ್ಸುತ್ತೆ. ಮಾಡ್ಕೊಡ್ತೀನಿ, ನೋಡಿ" ಎಂದರು. ಸಂಜೆಗೆ ಎರಡು ಕಡ್ಡಿ ಸಿದ್ಧವಾಗಿದ್ದವು.

ಎಂಜಿನ್ ನಿಧಾನಕ್ಕೆ ಗುರುಗುಟ್ಟುತ್ತಿರುವಾಗ ಕನ್ನಡಿಯಲ್ಲಿ ಎಲ್ಲ ಸ್ಪಷ್ಟ. ಯಂತ್ರದ ಹಿಂದೆ ಹುಳ ಹೆಕ್ಕಲು ಬರುವ ಬೆಳ್ಳಕ್ಕಿಗಳು ಕೂಡ ಒಂದೊಂದಾಗಿ ಎಣಿಸುವಂತೆ ಕಾಣುತ್ತಿದ್ದವು. ಆದರೆ ಹುಲ್ಲು ಕತ್ತರಿಸುವಾಗ ಎಂಜಿನ್ ಪೂರ್ತಿ ವೇಗದಲ್ಲಿ ಓಡಬೇಕು. ವೇಗ ಏರಿಸಿ ಬ್ಲೇಡು ಹಾಕಿದ ಕೂಡಲೇ ಕಡ್ಡಿ ನಡುಗತೊಡಗಿ, ಕನ್ನಡಿಯಲ್ಲಿದ್ದುದೆಲ್ಲ ಕಲಸಿಹೋಯಿತು. ಹಸಿರಿನ ಮೇಲೆ ಬಿಳಿ ಮಸುಕು, ಅಷ್ಟೆ. ಅದು ಬೆಳ್ಳಕ್ಕಿಯೋ, ಬಿಳಿ ಫ್ರಾಕು ಹಾಕಿದ ಮಗುವೋ ಹೇಳುವಂತಿರಲಿಲ್ಲ.

ಕಂಪನ ನಾನು ಯೂನಿವರ್ಸಿಟಿಯಲ್ಲಿ ಓದಿದ ವಿಷಯ. ಉಯ್ಯಾಲೆಯನ್ನು ಅದರದೇ ಲಯಕ್ಕೆ ತಳ್ಳಿದರೆ ಅದು ಎತ್ತರಕ್ಕೇರಲು ಸಣ್ಣ ಕೈಯ ನೂಕೂ ಸಾಕು. ಆ ಕಡ್ಡಿಯ ಲಯವೂ ಎಂಜಿನ್ನಿನ ಪೂರ್ತಿ ವೇಗದ ಲಯವೂ ಒಂದಕ್ಕೊಂದು ತೀರ ಹತ್ತಿರ ಬಂದಿದ್ದವು. ಕಡ್ಡಿಯನ್ನು ಗಿಡ್ಡ ಮಾಡಬೇಕು, ಬಿಗಿ ಮಾಡಬೇಕು. ಒಂಟಿ ಕಾಲಿನ ಬದಲು ಎರಡು ಕಾಲು ಕೊಟ್ಟು, ಮೇಲೆ ಸೇರುವ ಹಾಗೆ ತ್ರಿಕೋನ ಮಾಡಿ, ಬುಡದಲ್ಲಿ ರಬ್ಬರ್ ತುಂಡು ಕೊಡಿ ಎಂದೆ. ಶೆಡ್ಡಿನ ಮಾಲೀಕರು ಅದನ್ನು ಮಾಡಿದ್ದಲ್ಲದೆ ತಮ್ಮ ಕಡೆಯಿಂದ ಒಂದು ಸೇರಿಸಿದರು: ಬೈಕಿನ ಸೈಡ್ ಸ್ಟ್ಯಾಂಡಿನ ಸ್ಪ್ರಿಂಗ್ ಹಾಕಿದ ಕೀಲು. ಹೊಂಗೆ ಮರದ ಕೊಂಬೆಗೆ ತಗುಲಿದರೆ ಕನ್ನಡಿ ಹಿಂದಕ್ಕೆ ಮಡಚಿಕೊಂಡು, ತಾನೇ ಮತ್ತೆ ಜಾಗಕ್ಕೆ ಬರುತ್ತಿತ್ತು. ಅದನ್ನು ಅವರು ಬೆರಳಲ್ಲಿ ತಳ್ಳಿ ತೋರಿಸಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೂರು ಸಲ ತಳ್ಳಿದರು, ಮೂರು ಸಲವೂ ಅದು ಟಪ್ಪೆಂದು ಎದ್ದು ನಿಂತಿತು, ಆಮೇಲಷ್ಟೇ ಅವರು ನಕ್ಕರು.

ಈ ಸಲ ಪೂರ್ತಿ ವೇಗದಲ್ಲೂ ಬೆಳ್ಳಕ್ಕಿಗೆ ಕಾಲುಗಳಿದ್ದವು. ನಾನು ಹಿಗ್ಗಿದೆ. ಚಾಲಕರು ಕನ್ನಡಿ ನೋಡುತ್ತ, "ಮೆಟ್ರೊ ಭಾಳ ಚಂದ ಕಾಣ್ತೈತಿ ಸರ" ಎಂದರು. ಮೈಸೂರು ರಸ್ತೆಯ ಮೇಲೆ ರೈಲು ಹೋಗುತ್ತಿತ್ತು. "ಆದ್ರ ಅದೇನು ನಮ್ಮ ಹಿಂದ ಬರಂಗಿಲ್ಲ. ಹಿಂದ ಬರೂವು ನೆಲದ ಮ್ಯಾಲ ಅದಾವು."

ಕನ್ನಡಿಯನ್ನು ನಾನು ಬೈಕಿನಲ್ಲಿ ಇಡುವಂತೆ ಇಟ್ಟಿದ್ದೆ, ದೂರದ ರಸ್ತೆ ಕಾಣುವ ಹಾಗೆ. ಇಲ್ಲಿ ಬೇಕಾದದ್ದು ಹಿಂದಿನ ಚಕ್ರದ ಬದಿಯ ನೆಲ. ಎರಡನ್ನೂ ಕೆಳಕ್ಕೆ ಬಗ್ಗಿಸಿದೆವು. ಆಕಾಶ ಹೋಯಿತು, ರೈಲು ಹೋಯಿತು, ಹುಲ್ಲು ಬಂತು. ಆದರೂ ಗಾಡಿ ನಿಲ್ಲಿಸಿ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಯಾರೋ ಅದನ್ನು ಮತ್ತೆ ಮೇಲಕ್ಕೆ ಎತ್ತಿರುತ್ತಿದ್ದರು, ಮುಖ ನೋಡಿಕೊಳ್ಳಲು. ಹತ್ತಿದ ಕೂಡಲೇ ಮೊದಲು ಕನ್ನಡಿ ಬಗ್ಗಿಸುವುದು ಚಾಲಕರ ಅಭ್ಯಾಸವಾಯಿತು.

ಮೇಡಂ ಅವರಿಗೆ ತೋರಿಸುವ ಮೊದಲು ನಾವೇ ಒಮ್ಮೆ ನೋಡಿಕೊಳ್ಳೋಣ ಎಂದು, ಬ್ಲೇಡು ನಿಲ್ಲಿಸಿ, ಬರೀ ಹಿಂದೆ ಹೋಗುವ ಅಭ್ಯಾಸ ಮಾಡುತ್ತಿದ್ದೆವು. ನೀರಿನ ದೊಡ್ಡ ಕ್ಯಾನುಗಳನ್ನು ಅಲ್ಲಲ್ಲಿ ಇಟ್ಟಿದ್ದೆ. ಎಡಕ್ಕಿದ್ದದ್ದು ಕಂಡಿತು, ಬಲಕ್ಕಿದ್ದದ್ದು ಕಂಡಿತು. ನಾನು ಮುಂದೆ ನಿಂತು ಕೈ ಎತ್ತಿ ಮೆಚ್ಚುಗೆ ತೋರಿಸುತ್ತಿದ್ದೆ.

ಆಗ ಗೇಟಿನ ಸೆಕ್ಯುರಿಟಿಯವರು ಚಹಾ ಮುಗಿಸಿ ಆ ದಾರಿಯಲ್ಲಿ ಬಂದರು. ನಮ್ಮ ಊರಿನಲ್ಲಿ ಗಾಡಿಯೊಂದು ಹಿಂದಕ್ಕೆ ಬರುತ್ತಿದ್ದರೆ ದಾರಿಹೋಕನ ಕೈಕಾಲು ಸುಮ್ಮನಿರುವುದಿಲ್ಲ. ಯಾರೂ ಕೇಳಬೇಕಿಲ್ಲ. ಗುರುತಿಲ್ಲದವರೂ ಹಿಂದೆ ಹೋಗಿ ನಿಂತು, ಗಾಡಿಯ ಬೆನ್ನು ತಟ್ಟುತ್ತ ಬರ್ಲಿ ಬರ್ಲಿ ಎನ್ನುತ್ತಾರೆ. ಅದು ನಮ್ಮ ಸೌಜನ್ಯ. ಸೆಕ್ಯುರಿಟಿಯವರೂ ಅಷ್ಟನ್ನೇ ಮಾಡಿದರು. ನೇರ ಹುಲ್ಲಿನ ಡಬ್ಬದ ಹಿಂದೆ ಹೋಗಿ ನಿಂತು ಅದನ್ನು ತಟ್ಟಿದರು.

"ಬರ್ಲಿ ಅಣ್ಣಾ, ಬರ್ಲಿ, ಬರ್ಲಿ, ಸ್ವಲ್ಪ ರೈಟು, ಬರ್ಲಿ..."

ಚಾಲಕರ ಕಿವಿಗೆ ಸದ್ದು ತಡೆಯುವ ಮುಚ್ಚಳ. ಅವರಿಗೆ ಒಂದು ಅಕ್ಷರವೂ ಕೇಳಿಸಲಿಲ್ಲ. ಎರಡು ಕನ್ನಡಿಯಲ್ಲೂ ಬರೀ ಹುಲ್ಲು. ನಾನು ಕೂಗಿದೆ, ಕೈ ಬೀಸಿದೆ. ಅದನ್ನೂ ಅವರು ಮೆಚ್ಚುಗೆ ಎಂದುಕೊಂಡರಂತೆ. ಡಬ್ಬ ತಾಗಿ ಸೆಕ್ಯುರಿಟಿಯವರು ಮೆಲ್ಲಗೆ ಹುಲ್ಲಿನ ಮೇಲೆ ಕೂತರು. ಟೋಪಿ ಒಂದು ಕಡೆ ಉರುಳಿತು. ನಾನು ಓಡಿ ಬಾನೆಟ್ಟಿನ ಮೇಲೆ ಬಡಿದ ಮೇಲೆ ಗಾಡಿ ನಿಂತಿತು.

"ಬರ್ಲಿ ಅಂದಿದ್ದು ನಿಜ," ಎಂದರು ಸೆಕ್ಯುರಿಟಿಯವರು ಕೂತಲ್ಲಿಂದಲೇ, "ಇಷ್ಟು ಬರ್ಲಿ ಅಂದಿರ್ಲಿಲ್ಲ."

ಯಾರಿಗೂ ಪೆಟ್ಟಾಗಿರಲಿಲ್ಲ. ಚಾಲಕರು ಇಳಿದು ಬಂದು ಸೆಕ್ಯುರಿಟಿಯವರ ಪ್ಯಾಂಟಿನ ಹುಲ್ಲು ಕೊಡವಿದರು. ಕೊಡವಿ ಮುಗಿದ ಮೇಲೆ ನನ್ನ ಕಡೆ ನೋಡಿ, "ಮೇಡಮ್ಮಾರು ಹೇಳಿದ್ದು ಖರೆ ಐತಿ ಸರ. ಬ್ಲೇಡು ಹಾಕಿದ್ರ ಏನಾಗ್ತಿತ್ತು? ನಾ ಗೇಟಿಗೆ ಹೋಗ್ತೀನಿ" ಎಂದರು. ಈ ಸಲ ತಮಾಷೆ ಇರಲಿಲ್ಲ.

ಅವರು ಹೋದ ಮೇಲೆ ನಾನು ಯಂತ್ರ ಹತ್ತಿ ಕೂತೆ. ಬೇಸರಕ್ಕೋ ಏನೋ, ಅಷ್ಟು ದಿನ ಅದನ್ನು ಹತ್ತಿದಾಗಲೆಲ್ಲ ಕಟ್ಟಿಕೊಳ್ಳುತ್ತಿದ್ದ ಪಟ್ಟಿಯನ್ನು ಅಂದು ಕಟ್ಟಿರಲಿಲ್ಲ. ಏನೂ ಆಗಿರದ ನನ್ನ ಕುತ್ತಿಗೆಯನ್ನು ಪೂರ್ತಿ ತಿರುಗಿಸಿ ಹಿಂದೆ ನೋಡಿದೆ. ಕಂಡದ್ದು ಹುಲ್ಲಿನ ಡಬ್ಬ. ಎದ್ದು ಬಗ್ಗಿದೆ, ಆಗಲೂ ಡಬ್ಬ. ಒಂದು ಕ್ಯಾನನ್ನು ಡಬ್ಬದ ಹಿಂದಿಟ್ಟು ಬಂದು ಮತ್ತೆ ನೋಡಿದೆ. ಎಡಕ್ಕೆ ತಿರುಗಿದರೂ ಇಲ್ಲ, ಬಲಕ್ಕೆ ತಿರುಗಿದರೂ ಇಲ್ಲ.

ನಾವು ಇಷ್ಟು ದಿನ ಕೇಳುತ್ತಿದ್ದ ಪ್ರಶ್ನೆಯೇ ಬೇರೆಯಾಗಿತ್ತು. ಕುತ್ತಿಗೆ ತಿರುಗದವನಿಗೆ ಏನು ಕಾಣುವುದಿಲ್ಲ ಎಂದು ನೋಡುತ್ತಿದ್ದೆವು. ಆ ಜಾಗ ಯಾವ ಕುತ್ತಿಗೆಗೂ ಕಾಣುತ್ತಿರಲಿಲ್ಲ. ಹಾಗಾದರೆ ಇಷ್ಟು ವರ್ಷ ಎಲ್ಲರೂ ಹಿಂದೆ ಹೋದದ್ದು ಹೇಗೆ? ನೆನಪಿನ ಮೇಲೆ. ಈಗಷ್ಟೇ ಆ ಜಾಗ ದಾಟಿ ಬಂದೆ, ಅಲ್ಲಿ ಏನೂ ಇರಲಿಲ್ಲ, ಆದ್ದರಿಂದ ಈಗಲೂ ಇಲ್ಲ. ತಿರುಗಿ ನೋಡುವುದೆಲ್ಲ ಆ ನೆನಪಿಗೆ ಹಾಕುವ ಸಹಿ.

ಮೇಡಂ ಅವರನ್ನು ಕರೆದು ತಂದೆ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರೇ ಹತ್ತಿ ಕೂತು ತಿರುಗಿ ನೋಡಿದರು. ಬಹಳ ಹೊತ್ತು ಇಳಿಯಲಿಲ್ಲ.

"ಕ್ಯಾನ್ ಇಟ್ಟಿದ್ದೀರಾ ನಿಜವಾಗ್ಲೂ?"

"ಇಳಿದು ನೋಡಿ ಮೇಡಂ."

ಇಳಿದು ಹಿಂದೆ ಹೋಗಿ ನೋಡಿದರು. ಕ್ಯಾನನ್ನು ಕಾಲಿನಿಂದ ಮೆಲ್ಲಗೆ ಒತ್ತಿ ನೋಡಿದರು, ಅದು ನಿಜವೋ ಅಲ್ಲವೋ ಎಂಬಂತೆ. "ಕೂತು ಆಡೋ ಮಗು ಇಷ್ಟೇ ಎತ್ತರ ಇರುತ್ತೆ," ಎಂದರು. ಆಮೇಲೆ ಅವರು ಹೇಳಿದ ಮಾತಿಗಾಗಿ ನಾನು ಅವರನ್ನು ಇಂದಿಗೂ ಗೌರವಿಸುತ್ತೇನೆ. ಮೇಲಿನವರು ತಮ್ಮ ನಿರ್ಧಾರ ಬದಲಿಸುವಾಗ ಅದು ಬದಲಾಗಿಯೇ ಇಲ್ಲ ಎಂಬಂತೆ ಮಾತಾಡುವುದನ್ನು ಎಷ್ಟೋ ಕಂಡಿದ್ದೇನೆ. ಇವರು ಚಾಲಕರನ್ನು ಕರೆಸಿ ಎಲ್ಲರೆದುರೇ ಹೇಳಿದರು:

"ಅಣ್ಣ, ನಾನು ನಿಮ್ಮ ಕುತ್ತಿಗೆ ನೋಡಿದೆ, ಗಾಡಿ ನೋಡ್ಲಿಲ್ಲ. ಇನ್ಮೇಲೆ ನಿಯಮ ನಿಮಗಲ್ಲ, ಗಾಡಿಗೆ. ಯಾರೇ ಓಡಿಸ್ಲಿ."

ನಿಯಮ ಮೂವರೂ ಕೂತು ಮಾಡಿದೆವು. ಆ ಯಂತ್ರ ಹಿಂದಕ್ಕೆ ಹೋದರೆ ಬ್ಲೇಡು ತಾನಾಗಿ ನಿಲ್ಲುವ ವ್ಯವಸ್ಥೆ ಮೊದಲೇ ಇತ್ತು. ಅದನ್ನು ತಪ್ಪಿಸಲು ಒಂದು ಪುಟ್ಟ ಹಳದಿ ಕೀಲಿ. ಕೆಲಸ ಬೇಗ ಸಾಗಲಿ ಎಂದು ಎಲ್ಲ ಚಾಲಕರೂ ಅದನ್ನು ಸದಾ ಹಾಕಿಯೇ ಇಟ್ಟಿರುತ್ತಿದ್ದರು. ಮೇಡಂ ಅದನ್ನು ಕಿತ್ತು ತಮ್ಮ ಬೀಗದ ಕೈ ಗೊಂಚಲಿಗೆ ಸೇರಿಸಿಕೊಂಡರು. ವಿದ್ಯಾರ್ಥಿಗಳು ಹಿಂದಕ್ಕೊಂದು ಕ್ಯಾಮೆರಾ ಇಟ್ಟುಕೊಟ್ಟರು. ಒಂದು ಸುತ್ತು ಕತ್ತರಿಸುವಷ್ಟರಲ್ಲಿ ಹುಲ್ಲಿನ ರಸ ಮೆತ್ತಿ, ಬಿಸಿಲಿಗೆ ಪರದೆಯೂ ಕಾಣದೆ, ಅದನ್ನು ಬಿಚ್ಚಿದೆವು.

ದೊಡ್ಡ ಬದಲಾವಣೆ ಚಾಲಕರದು. ಹಿಂದೆ ಹೋಗುವ ಅಗತ್ಯವೇ ಬಾರದಂತೆ ಓಡಿಸಬಹುದೇ ಎಂದು ನಾನು ಕೇಳಿದ್ದಕ್ಕೆ ಅವರು ಕಡ್ಡಿಯಿಂದ ಮಣ್ಣಿನಲ್ಲಿ ಇಡೀ ಹುಲ್ಲುಹಾಸು ಬರೆದರು. ಮರದ ಬುಡಕ್ಕೆ ನುಗ್ಗಿ ಹಿಂದೆ ಬರುವ ಬದಲು ಮರವನ್ನು ಸುತ್ತುವ ದಾರಿ, ಗೋಡೆಯ ಮೂಲೆಯನ್ನು ಕೈಯಲ್ಲಿ ಹಿಡಿದು ಕತ್ತರಿಸುವ ಯಂತ್ರಕ್ಕೆ ಬಿಡುವ ದಾರಿ. ಮೊದಲು ಬರೆದದ್ದು ಸರಿಹೋಗಲಿಲ್ಲ, ಒಂದು ಹೊಂಗೆಯ ಸುತ್ತ ತಿರುಗಲು ಜಾಗ ಸಾಲದೆ ಸಿಕ್ಕಿಬಿದ್ದರು. ಅಳಿಸಿ, ಬೈದುಕೊಂಡು, ಮತ್ತೆ ಬರೆದರು. ಕುತ್ತಿಗೆ ನೆಟ್ಟಗಿಟ್ಟು, ಕಣ್ಣನ್ನು ಮಾತ್ರ ಒಂದು ಕನ್ನಡಿಯಿಂದ ಇನ್ನೊಂದಕ್ಕೆ ಹೊರಳಿಸುತ್ತ, ಯಾವುದೇ ಅವಸರವಿಲ್ಲದೆ ಅವರು ಹೊಸ ದಾರಿಯನ್ನು ಕಲಿಯುವುದನ್ನು ನಾನು ಕೆಲಸ ಬಿಟ್ಟು ನಿಂತು ನೋಡುತ್ತಿದ್ದೆ. ನಾನು ಒಂದು ವಿಷಯವನ್ನು ಹಿಡಿದು ಅಷ್ಟು ಹೊತ್ತು ಕೂರಲಾರೆ. ಅವರು ಆ ವಯಸ್ಸಿನಲ್ಲಿ, ಆ ಕುತ್ತಿಗೆಯಲ್ಲಿ, ತಮಗೆ ಚೆನ್ನಾಗಿ ಬರುವ ಕೆಲಸವನ್ನೇ ಮೊದಲಿನಿಂದ ಕಲಿಯುತ್ತಿದ್ದರು.

ಆದರೂ ಕೆಲವು ಕಡೆ ಹಿಂದೆ ಹೋಗಲೇಬೇಕು. ಡಬ್ಬದ ಹಿಂದಿನ ಆ ಜಾಗಕ್ಕೆ ಏನು ಮಾಡುವುದು? ಕನ್ನಡಿ ಎಷ್ಟು ಬಗ್ಗಿಸಿದರೂ ಅದು ಕಾಣದು. ಅದಕ್ಕೆ ಉತ್ತರವಿಲ್ಲದೆಯೇ ಪರೀಕ್ಷೆಯ ಬೆಳಿಗ್ಗೆ ಬಂತು.

ಮೇಡಂ ನನ್ನನ್ನು ಯಂತ್ರದ ಮುಂದೆ ದೂರ ನಿಲ್ಲಿಸಿದರು. "ಸನ್ನೆ ಗಿನ್ನೆ ಮಾಡ್ಬೇಡಿ, ಕೈ ಕಟ್ಕೊಂಡು ನಿಂತ್ಕೊಳ್ಳಿ" ಎಂದರು. ಚಾಲಕರು ಕಣ್ಣು ಮುಚ್ಚಿ ಕೂರಬೇಕು, ಮೇಡಂ ಎಲ್ಲಾದರೂ ಕ್ಯಾನ್ ಇಟ್ಟು ಬಂದು ಬಾನೆಟ್ಟು ತಟ್ಟಿದಾಗ ಕಣ್ಣು ತೆರೆದು ಹಿಂದೆ ಹೋಗಬೇಕು. ಸೆಕ್ಯುರಿಟಿಯವರು ಈ ಸಲ ಬಹಳ ದೂರದಲ್ಲಿ, ಬೆನ್ನ ಹಿಂದೆ ಕೈ ಕಟ್ಟಿ ನಿಂತಿದ್ದರು.

ಎಡಗಡೆ ಇಟ್ಟರು, ಚಾಲಕರು ಕದಲದೆ ಕೈ ಎತ್ತಿ ಎಡಕ್ಕೆ ತೋರಿಸಿದರು. ಬಲಗಡೆ ಇಟ್ಟರು, ಬಲಕ್ಕೆ ತೋರಿಸಿದರು. ಹಿಂದಿನ ಚಕ್ರಕ್ಕೆ ತೀರ ಹತ್ತಿರ ಇಟ್ಟರು, ಕನ್ನಡಿಯನ್ನು ಒಂದು ಬೆರಳಿನಷ್ಟು ಬಗ್ಗಿಸಿ ಅದನ್ನೂ ಹಿಡಿದರು. ಆಮೇಲೆ ಮೇಡಂ ಹಿಂದೆ ಹೋಗಿ ಬಂದು, ಬಾನೆಟ್ಟು ತಟ್ಟಿ, ಬದಿಯಲ್ಲಿ ನಿಂತು, "ಬನ್ನಿ" ಎಂದು ಕೈ ಸನ್ನೆ ಮಾಡಿದರು.

ಚಾಲಕರು ಎಡ ನೋಡಿದರು, ಬಲ ನೋಡಿದರು. ಗಾಡಿ ಅಲುಗಲಿಲ್ಲ. ಎಂಜಿನ್ ನಿಂತಿತು. ಕಿವಿಯ ಮುಚ್ಚಳ ತೆಗೆದು ಸ್ಟಿಯರಿಂಗಿಗೆ ತಗುಲಿಸಿ, ಒಂದು ಕೈ ಸೀಟಿಗೆ ಊರಿ, ನಿಧಾನಕ್ಕೆ ಇಳಿದರು.

"ಏನು ಅಣ್ಣ, ಏನಾದ್ರೂ ಕಾಣ್ತಾ?" ಎಂದರು ಮೇಡಂ.

"ಏನೂ ಕಾಣಲಿಲ್ರಿ."

"ಮತ್ತೆ ಯಾಕೆ ಇಳಿದ್ರಿ?"

"ಕಾಣಲಿಲ್ಲ ಅಂತನ ಇಳಿದೆ. ಕಾಣಲಿಲ್ಲ ಅಂದ್ರ ಇಲ್ಲ ಅಂತ ಅಲ್ಲಲ್ರಿ."

ಅವರು ಯಂತ್ರವನ್ನು ಸುತ್ತಿ ಡಬ್ಬದ ಹಿಂದೆ ಹೋಗಿ ನೋಡಿದರು. ಆಮೇಲೆ ಬಂದು, ಹತ್ತಿ, ಹಿಂದಕ್ಕೆ ತಂದು ನಿಲ್ಲಿಸಿದರು. ಮೇಡಂ ತಮ್ಮ ಕೈಗೆ ಮೆತ್ತಿದ್ದ ಹುಲ್ಲು ಒರೆಸಿಕೊಳ್ಳುತ್ತ, "ನಾಳೆಯಿಂದ ಗಾಡಿ ನಿಮ್ದೇ. ಆ ಇಳಿಯೋದನ್ನ ಎಲ್ಲರಿಗೂ ನಿಯಮ ಮಾಡ್ತೀನಿ" ಎಂದರು. ಚಾಲಕರು ತಲೆಯಾಡಿಸಲಾರದ್ದರಿಂದ ಇಡೀ ಮೈ ಬಗ್ಗಿಸಿ ಒಪ್ಪಿಗೆ ಸೂಚಿಸಿದರು. ಘಟಿಕೋತ್ಸವದ ದಿನ ಕಪ್ಪು ನಿಲುವಂಗಿಯ ಹುಡುಗ ಹುಡುಗಿಯರು ಆ ತಿಳಿ ಹಸಿರು, ಗಾಢ ಹಸಿರು ಪಟ್ಟಿಗಳ ಮೇಲೆ ನಿಂತು ಫೋಟೋ ತೆಗೆಸಿಕೊಂಡರು.

ಇದರಲ್ಲಿ ಒಂದು ವಿಷಯ ನನ್ನನ್ನು ಇನ್ನೂ ಕಾಡುತ್ತದೆ. ಆ ಕೊನೆಯ ಸಲ ಡಬ್ಬದ ಹಿಂದೆ ಕ್ಯಾನ್ ಇತ್ತು, ಚಾಲಕರು ಅದನ್ನು ಕೈಯಲ್ಲಿ ಎತ್ತಿಕೊಂಡು ಈಚೆ ಬಂದರು ಎಂದು ನನ್ನ ನೆನಪು. ಕ್ಯಾನಿನ ನೀಲಿ ಬಣ್ಣ, ಅದರ ಮೇಲೆ ಅಂಟಿದ ಹುಲ್ಲಿನ ಎಸಳು ಎಲ್ಲವೂ ಕಾಣುತ್ತವೆ. ಮೇಡಂ ಅವರನ್ನು ಕೇಳಿದರೆ, "ಇಲ್ಲ, ಕೊನೇ ಸಲ ನಾನು ಏನೂ ಇಡ್ಲಿಲ್ಲ. ಸುಮ್ನೆ ಹೋಗಿ ಬಂದೆ, ಏನ್ಮಾಡ್ತಾರೆ ನೋಡೋಣ ಅಂತ" ಎನ್ನುತ್ತಾರೆ. ನಾನು ನಿಂತಿದ್ದ ಜಾಗದಿಂದ ಡಬ್ಬದ ಹಿಂದಿನದು ಕಾಣುವಂತೆಯೂ ಇರಲಿಲ್ಲ. ಕ್ಯಾನ್ ಇದ್ದಿದ್ದರೆ ಕಥೆಗೆ ಚೆಂದ ಎಂದು ನೆನಪೇ ಅದನ್ನು ತಂದಿಟ್ಟಿತೋ ಏನೋ.

ಆಯುಧಪೂಜೆಯ ಬೆಳಿಗ್ಗೆ ಇದನ್ನೇ ಚಾಲಕರನ್ನು ಕೇಳಿದೆ. ಯಂತ್ರವನ್ನು ತೊಳೆದು, ಬಾನೆಟ್ಟಿಗೆ ವಿಭೂತಿಯ ಮೂರು ಗೆರೆ ಎಳೆದು, ಚೆಂಡು ಹೂವಿನ ಹಾರ ಹಾಕಿದ್ದರು. ಕನ್ನಡಿಗಳ ಬೆನ್ನಿಗೂ ವಿಭೂತಿ, ಮುಖ ಮಾತ್ರ ಬಟ್ಟೆಯಿಂದ ಒರೆಸಿ ಫಳಫಳ ಇಟ್ಟಿದ್ದರು. ಹಾರವನ್ನು ಕನ್ನಡಿಗೆ ಅಡ್ಡ ಬರದಂತೆ ಕೆಳಗೆ ಕಟ್ಟಿದ್ದರು.

"ಆವತ್ತು ಹಿಂದೆ ಕ್ಯಾನ್ ಇತ್ತಾ, ಇರ್ಲಿಲ್ವಾ?"

"ಇನ್ನೂ ಅದನ್ನ ಹೊತ್ಕೊಂಡು ಅಡ್ಡಾಡ್ತೀರೇನ್ರಿ ಸರ?" ಎಂದು ನಕ್ಕರು. "ಅವತ್ತು ಇಳಿದೆ, ನೋಡಿದೆ, ಮುಗೀತು. ಈಗ ಕೇಳಿದ್ರ ನಂಗೂ ನೆನಪಿಲ್ಲ."

ಅವರು ಯಂತ್ರವನ್ನು ಕಾಲೇಜಿನ ಶೆಡ್ಡಿನಿಂದ ಈಚೆ ತರಲು ಹತ್ತಿ ಕೂತರು. ಎದುರಿಗೆ ಗೋಡೆ, ಹಿಂದಕ್ಕೇ ತರಬೇಕು. ನಾನು ಅವರ ಉತ್ತರವನ್ನೇ ಯೋಚಿಸುತ್ತ, ಹಾರದ ಫೋಟೋ ತೆಗೆಯಲು ಯಂತ್ರದ ಸುತ್ತ ಒಂದು ಸುತ್ತು ಹಾಕಿದೆ. ಎಂಜಿನ್ ಹೊತ್ತಿಕೊಂಡಿತು. ಸ್ವಲ್ಪ ಹೊತ್ತಿಗೆ ನಿಂತಿತು. ಕೆಟ್ಟಿತೇನೋ ಎಂದು ತಲೆಯೆತ್ತಿದರೆ, ಅವರು ಕಿವಿಯ ಮುಚ್ಚಳ ತೆಗೆದು, ಇಳಿದು, ಕುತ್ತಿಗೆ ನೆಟ್ಟಗಿಟ್ಟುಕೊಂಡು, ಮಡ್‌ಗಾರ್ಡ್ ಹಿಡಿದು ಈ ಕಡೆಗೆ ಸುತ್ತಿ ಬರುತ್ತಿದ್ದರು. ನಾನು ಮೊಬೈಲು ಹಿಡಿದು ನಿಂತಿದ್ದದ್ದು ಹುಲ್ಲಿನ ಡಬ್ಬದ ನೇರ ಹಿಂದೆ.

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಇವತ್ತು ಮಾತ್ರ ಕ್ಯಾನ್ ಐತಿ ನೋಡ್ರಿ ಸರ," ಎಂದರು.